ಮಂಜುನಾಥಪ್ಪನ ರಕ್ತ ಪಾಸಾದದ್ದು

ಲೋಕದಲ್ಲಿ ಚಿನ್ನ ಕಳುವಾಗುತ್ತದೆ, ಒಣಗಲು ಹಾಕಿದ ಅಡಿಕೆ ಕಳುವಾಗುತ್ತದೆ, ದೇವಸ್ಥಾನದ ಬಾಗಿಲಲ್ಲಿ ಬಿಟ್ಟ ಕೊಡೆ ಕಳುವಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದ ವರ್ಷ ಸಾಗರದ ನಮ್ಮ ಕೇರಿಯಲ್ಲಿ ಮಣ್ಣು ಕಳುವಾಯಿತು. ಮಣ್ಣಿಗಾಗಿ ಹದಿನೆಂಟು ಅಕ್ಷೌಹಿಣಿ ಸೈನ್ಯ ಸತ್ತ ಕಥೆಯನ್ನು ಪದ್ಯದಲ್ಲಿ ಕೇಳುತ್ತಲೇ ಬೆಳೆದವನು ನಾನು. ಆದರೆ ಅಲ್ಲಿ ಗೆದ್ದವರೂ ಸೋತವರೂ ಮಣ್ಣನ್ನು ಇದ್ದಲ್ಲೇ ಬಿಟ್ಟು ಹೋಗಿದ್ದರು. ಇಲ್ಲಿ ಅದು ಹಿಡಿಹಿಡಿಯಾಗಿ ಕಾಣೆಯಾಗುತ್ತಿತ್ತು.

ಕಳೆದುಕೊಂಡವನು ನನ್ನ ಎದುರುಮನೆಯ ಗುಡಿಗಾರ ಮಂಜುನಾಥಪ್ಪ. ವರ್ಷವೆಲ್ಲ ಗಂಧದ ಪೆಟ್ಟಿಗೆ ಕೆತ್ತುವವನು, ಆಷಾಢ ಕಳೆಯಿತೆಂದರೆ ಉಳಿ ಬದಿಗಿಟ್ಟು ಗಣಪತಿ ಮಾಡಲು ಕೂರುತ್ತಿದ್ದ. ಅವನ ಗಣಪತಿಗೆ ಎಲ್ಲೆಂದರಲ್ಲಿಯ ಮಣ್ಣು ಆಗುತ್ತಿರಲಿಲ್ಲ. ಹೊಸನಗರದ ಕಡೆ ಅವನ ಹೆಂಡತಿ ವನಮಾಲಾಳ ತವರಿನಲ್ಲಿ ಒಂದು ಗದ್ದೆ. ಅದರ ಕೆಳಗಿನ ಜೇಡಿಯೇ ಬೇಕು. ಪ್ರತಿ ವರ್ಷ ತಾನೇ ಹೋಗಿ, ಬರಿಗಾಲಲ್ಲಿ ಆ ಕೆಸರಿಗಿಳಿದು, ಅಗೆದು ತರುತ್ತಿದ್ದ. ಆ ವರ್ಷ ಗದ್ದೆ ಮುಳುಗಿತು. ಊರೇ ಮುಳುಗಿತು. ನೀರು ಬರುವ ಮೊದಲು ವನಮಾಲಾಳ ತಮ್ಮ ಶಂಭು, ಮನೆಯ ಬಾಗಿಲು ಕಿಟಕಿ ಕಿತ್ತು ತರುವ ಬದಲು ಗಾಡಿಯ ತುಂಬ ಜೇಡಿ ಹೇರಿಕೊಂಡು ಅಕ್ಕನ ಮನೆಗೆ ಬಂದ. ಗಾಡಿಯ ಹಿಂದೆ ಅವನು, ಅವನ ಹೆಗಲ ಮೇಲೆ ಒಂದು ತಗಡಿನ ಟ್ರಂಕು. ಮದುವೆಯಾಗಿರಲಿಲ್ಲ, ವಯಸ್ಸು ಮೂವತ್ತು ದಾಟಿತ್ತು. ಭಾವನಿಗೆ ಮಣ್ಣು ತುಳಿದು ಹದ ಮಾಡಿಕೊಡುತ್ತ ಅಲ್ಲೇ ನಿಂತ.

ಹೀಗೆ ಆ ಗದ್ದೆಯ ಮಣ್ಣು ಭೂಲೋಕದಲ್ಲಿ ಉಳಿದದ್ದು ಮಂಜುನಾಥಪ್ಪನ ಪಡಸಾಲೆಯ ಮೂಲೆಯಲ್ಲಿ ಮಾತ್ರ, ಒದ್ದೆ ಗೋಣಿಯ ಕೆಳಗೆ. ಇದು ಅವನ ತಲೆಗೇರಿತು. ತೀರ್ಥಹಳ್ಳಿಯ ಸಂಘದವರು ಎದೆಯೆತ್ತರದ ಗಣಪತಿ ಬೇಕೆಂದು ಬಂದಾಗ ಅವನು ಗಂಭೀರವಾಗಿ ಹೇಳಿದ: “ಮುಡಿಯಿಂದ ಅಡಿತನಕ ಆ ಒಂದೇ ಗದ್ದೆ ಮಣ್ಣು. ಬೇರೆ ಮಣ್ಣು ಒಂದು ಚಿಟಿಕೆ ಸೇರಿದ್ರೂ ನಾನು ಗುಡಿಗಾರನೇ ಅಲ್ಲ.” ಸಂಘದವರು ಕೈ ಮುಗಿದು ಹೋದರು. ಅವರ ಹಿಂದೆಯೇ ಮಣ್ಣೂ ಹೋಗತೊಡಗಿತು.

ಮೊದಲು ಹೋದದ್ದು ಮೋದಕಗಳು. ಗಣಪತಿಯ ಕೈಗೆ, ಮುಂದಿನ ತಟ್ಟೆಗೆ ಎಂದು ಸಣ್ಣಸಣ್ಣ ಮಣ್ಣಿನ ಮೋದಕ ಮಾಡಿ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ. ಊಟ ಮಾಡಿ ಬಂದು ನೋಡುತ್ತಾನೆ, ಸಾಲು ಮೊಂಡಾಗಿದೆ.

“ವನಮಾಲಾ! ಮೋದಕ ಯಾರು ತೆಗೆದ್ರು?”

“ನಂಗೆಂತಕ್ಕೆ ಮಣ್ಣಿನ ಮೋದಕ? ಅಕ್ಕಿ ಸಿಕ್ಕದ ಕಾಲದಲ್ಲಿ ಹಿಟ್ಟಿಂದು ಮಾಡಿ ಹಾಕೋಕೇ ಆಗ್ತಿಲ್ಲ.”

ಪಕ್ಕದ ಮನೆಯ ದುಗ್ಗಮ್ಮ ಬೇಲಿಯ ಮೇಲಿಂದ ಕತ್ತು ಚಾಚಿದಳು. ನಮ್ಮ ಕೇರಿಯ ಯಾವ ಮನೆಯ ಮಾತೂ ದುಗ್ಗಮ್ಮನ ಕತ್ತನ್ನು ದಾಟದೆ ಆಚೆ ಹೋಗುವಂತಿರಲಿಲ್ಲ.

“ಇಲಿ ಇರ್ಬೇಕು ಮಾರಾಯ.”

“ಇಲಿ ಹಸಿ ಮಣ್ಣು ತಿಂತದಾ ದುಗ್ಗಮ್ಮ?”

“ಊರ ಇಲಿ ತಿನ್ನಲ್ಲ. ಗಣಪತಿ ಇಲಿ ಆದ್ರೆ ಮೋದಕ ಬಿಡ್ತದಾ?”

ಮಂಜುನಾಥಪ್ಪ ತಾನು ಮಾಡಿಟ್ಟಿದ್ದ ಮಣ್ಣಿನ ಇಲಿಯನ್ನು ಎತ್ತಿ ಅದರ ಬಾಯನ್ನು ಪರೀಕ್ಷಿಸಿ, ನಿರಪರಾಧಿಯೆಂದು ಕೆಳಗಿಟ್ಟ. ಆಮೇಲೆ ಮತ್ತೆ ಮೋದಕ ಮಾಡಲು ಕುಳಿತ. ಒಂದು ಮುದ್ದೆ ಮಣ್ಣು ತೆಗೆದ, ಅದರಿಂದ ಒಂದು ತುಣುಕು ಚಿವುಟಿ ನಾಲಗೆಯ ಮೇಲಿಟ್ಟ, ಹಲ್ಲಿನಿಂದ ಮೆಲ್ಲಗೆ ಅರೆದ. ಇದು ಆ ಕಸುಬಿನ ಪದ್ಧತಿ. ಹಲ್ಲಿಗೆ ಮರಳು ಸಿಕ್ಕಿದರೆ ಒಣಗುವಾಗ ಗಣಪತಿ ಬಿರಿಯುತ್ತಾನೆ. ಅವನ ಅಪ್ಪನೂ ಹೀಗೆ ನೋಡುತ್ತಿದ್ದ, ನೋಡಿ ಉಗುಳುತ್ತಿದ್ದ. ಮಂಜುನಾಥಪ್ಪ ಉಗುಳುತ್ತಿದ್ದನೋ ಇಲ್ಲವೋ ಯಾರೂ ಗಮನಿಸಿರಲಿಲ್ಲ. ಕಸುಬುದಾರನ ಬಾಯಿಯನ್ನು ಯಾರು ಕಾಯುತ್ತಾರೆ?

ಮೋದಕದ ನಂತರ ರಾಶಿಯೇ ಕರಗತೊಡಗಿತು. ಗೋಣಿ ಎತ್ತಿದಾಗಲೆಲ್ಲ ಯಾರೋ ಬೆರಳಿನಿಂದ ಗೋರಿ ತೆಗೆದ ಗುಳಿಗಳು. ಮಂಜುನಾಥಪ್ಪ ನನ್ನ ಜಗಲಿಗೆ ಬಂದು ಪಿಸುದನಿಯಲ್ಲಿ, “ಭಟ್ರೆ, ಇದು ಮನೆಯೊಳಗಿನ ಕೆಲಸ” ಎಂದ. ನಾನು ದೇವಸ್ಥಾನಕ್ಕೆ ಹೂಮಾಲೆ ಕಟ್ಟುವವನು, ಸಂಜೆ ಶಾಸ್ತ್ರಿಗಳು ಓದುವ ಪದ್ಯ ಕೇಳುವವನು. ಮಾತಿಗಿಂತ ತಲೆಯಾಡಿಸುವುದೇ ನನಗೆ ಅಭ್ಯಾಸ. ತಲೆಯಾಡಿಸಿದೆ. ಅದನ್ನು ಅವನು ಸಾಕ್ಷಿಯೆಂದು ತೆಗೆದುಕೊಂಡು ಹೋದ.

ಮಾರನೇ ಮಧ್ಯಾಹ್ನ ಅವನು ರಾಶಿಯ ಸುತ್ತ ರಂಗೋಲಿ ಪುಡಿ ತೆಳುವಾಗಿ ಉದುರಿಸಿದ. ಹೆಂಡತಿ, ಭಾವಮೈದ ಇಬ್ಬರನ್ನೂ ಹಿತ್ತಿಲಿಗೆ ಕಳಿಸಿ, ತಾನು ಒಬ್ಬನೇ ಬಾಗಿಲು ಮುಂದೆ ಮಾಡಿಕೊಂಡು ಕಾವಲು ಕುಳಿತ. ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗು ಬಂತು.

“ಬನ್ನಿ ಭಟ್ರೆ, ಬನ್ನಿ! ಹೆಜ್ಜೆ ಸಿಕ್ಕಿತು!”

ಓಡಿದೆವು. ಪುಡಿಯ ಮೇಲೆ ಹೋದ ಹೆಜ್ಜೆ, ಬಂದ ಹೆಜ್ಜೆ ಎರಡೂ ಸ್ವಚ್ಛವಾಗಿ ಮೂಡಿದ್ದವು. ಬಲಗಾಲಿನ ಕಿರುಬೆರಳು ಮಾತ್ರ ಹೊರಕ್ಕೆ ಸೊಟ್ಟಗಿತ್ತು.

ವನಮಾಲಾ ಬಗ್ಗಿ ನೋಡಿ ಹೇಳಿದಳು: “ಇದು ನಿಮ್ದೇ ಹೆಜ್ಜೆ ಕಣ್ರೀ.”

“ಅದೇ ನಾನೂ ಹೇಳೋದು! ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ಬಂದಿದಾನೆ. ಕಳ್ಳ ಸಾಮಾನ್ಯದವ ಅಲ್ಲ.”

“ನೀವು ಇಲ್ಲೇ ಕೂತಿದ್ರಲ್ಲ, ಯಾರೂ ಬರ್ಲಿಲ್ವಾ?”

“ಒಂದ್ಸಲ ರಾಶಿ ಸರಿ ಇದೆಯಾ ಅಂತ ನೋಡೋಕೆ ಎದ್ದೆ, ಅಷ್ಟೇ. ಅಷ್ಟರಲ್ಲೇ ಹೋಗಿದೆ ನೋಡು!” ಎನ್ನುತ್ತ ಮಂಜುನಾಥಪ್ಪ ತುಟಿಯಂಚನ್ನು ಒರೆಸಿಕೊಂಡ.

ಶಂಭುವಿನ ಪಾದ ಭಾವನ ಪಾದಕ್ಕಿಂತ ಒಂದೂವರೆ ಪಟ್ಟು ದೊಡ್ಡದು. ಆದರೂ ಅನುಮಾನ ಅವನ ಮೇಲೇ ನಿಂತಿತು. ದೊಡ್ಡ ಪಾದವನ್ನು ಚಿಕ್ಕ ಗುರುತಿನೊಳಗೆ ಮಡಚಿ ಇಡುವ ಗದ್ದೆಯ ವಿದ್ಯೆ ಅವನಿಗೆ ತಿಳಿದಿರಬೇಕು ಎಂದು ಮಂಜುನಾಥಪ್ಪನ ವಾದ. ಅಲ್ಲದೆ ಶಂಭು ಬೆಳಿಗ್ಗೆ ಎದ್ದು ಆ ರಾಶಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಮುಳುಗಿದ ಊರನ್ನು ಹೀಗೆ ಹಿಡಿಹಿಡಿಯಾಗಿ ವಾಪಸು ಒಯ್ಯುತ್ತಿದ್ದಾನೆ, ಎಲ್ಲೋ ಹೊಸದಾಗಿ ಒಂದು ಊರು ಕಟ್ಟುತ್ತಿದ್ದಾನೆ!

ಮಂಜುನಾಥಪ್ಪ ಪೊಲೀಸ್ ಠಾಣೆಗೆ ಹೋದ. ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಹೋದ. ದಫೇದಾರ್ ಹುಲಿಯಪ್ಪನವರು ದಪ್ಪ ಮೀಸೆಯ, ಮೆದು ಮನಸ್ಸಿನ ಮನುಷ್ಯರು.

“ಎಂತ ಹೋಗಿದ್ದು ಮಂಜುನಾಥಪ್ಪ?”

“ಮಣ್ಣು ಸ್ವಾಮಿ.”

ದಫೇದಾರರು ಕಿಟಕಿಯಿಂದ ಹೊರಗೆ ನೋಡಿದರು. ಮಳೆ ಬಂದು ನಿಂತಿತ್ತು. ಠಾಣೆಯ ಅಂಗಳದ ತುಂಬ ಮಣ್ಣೇ ಇತ್ತು.

“ಕಳುವಾದ ಮಾಲಿನ ಗುರುತು ಹೇಳ್ಬೇಕಾಗ್ತದಲ್ಲ.”

“ಹೇಳ್ತೀನಿ ಸ್ವಾಮಿ.” ಮಂಜುನಾಥಪ್ಪ ಕಣ್ಣು ಮುಚ್ಚಿಕೊಂಡ. “ಬೂದು ಬಣ್ಣ. ಮುಟ್ಟಿದ್ರೆ ತಣ್ಣಗೆ. ಮೊದಲ ಮಳೆ ಬಿದ್ದಾಗ ಏಳ್ತದಲ್ಲ, ಆ ವಾಸನೆ. ನಾಲಗೆ ಮೇಲಿಟ್ರೆ ಹೊಸ ಬೆಣ್ಣೆ ಹಾಗೆ ಕರಗ್ತದೆ. ಬೆಳಿಗ್ಗೆ ಹೊತ್ತು ಸ್ವಲ್ಪ ಒಗರು, ಮಧ್ಯಾಹ್ನದ ಮೇಲೆ ಸಿಹಿ…”

“ಮಧ್ಯಾಹ್ನದ ಮೇಲೆ?”

“ಕಸುಬಿನ ಪರೀಕ್ಷೆ ಸ್ವಾಮಿ.”

ದಫೇದಾರರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರು ನಿಟ್ಟುಸಿರು ಬಿಟ್ಟು ಟೋಪಿ ಹಾಕಿಕೊಂಡು ವಿಚಾರಣೆಗೆ ಹೊರಟರು.

ವಿಚಾರಣೆಗೆ ಇಡೀ ಕೇರಿ ಕೂಡಿತು. ಶಂಭು ಮೊಣಕಾಲ ತನಕ ಮಣ್ಣಾಗಿ, ತುಳಿಯುವುದನ್ನು ನಿಲ್ಲಿಸಿ ನಿಂತ.

“ಹೌದಾ ಮಾರಾಯ, ಮಣ್ಣು ತೆಗೆದ್ಯಾ?”

“ನಮ್ಮ ಗದ್ದೆ ಮಣ್ಣು ಸ್ವಾಮಿ. ನಾನೇ ತಂದು ಹಾಕಿದ್ದು. ಬೇಕಂದ್ರೆ ಕೇಳಿ ತಗೊಳ್ತಿದ್ದೆ.”

ದುಗ್ಗಮ್ಮ ಅಂಗೈ ಬಡಿದಳು. “ಹೋದ ವರ್ಷ ಚೌತಿ ಚಂದ್ರನ್ನ ನೋಡಿದ್ದೆ ಅಂತ ನೀನೇ ಹೇಳಿದ್ಯಲ್ಲೋ! ಮತ್ತೆ ಅಪವಾದ ಬರ್ದೆ ಇರ್ತದಾ?”

“ಮುಳುಗೋ ಊರಲ್ಲಿ ಕೊನೇ ಚೌತಿ ಅಂತ ಆಕಾಶ ನೋಡ್ದೆ ದುಗ್ಗಮ್ಮ. ಚಂದ್ರ ಇದ್ದ. ನಾನೇನು ಮಾಡ್ಲಿ?”

ಚೌತಿಯ ಚಂದ್ರನನ್ನು ನೋಡಿದ್ದಕ್ಕೆ ಸಾಕ್ಷಾತ್ ಕೃಷ್ಣನ ಮೇಲೇ ಸ್ಯಮಂತಕ ಮಣಿ ಕದ್ದ ಅಪವಾದ ಬಂದದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಕೇರಿ ಎರಡು ಪಂಗಡವಾಯಿತು. ಚಂದ್ರನನ್ನು ನೋಡಿದವನ ಮೇಲೆ ಬರುವುದು ಸುಳ್ಳು ಅಪವಾದ, ಆದ್ದರಿಂದ ಶಂಭು ನಿರ್ದೋಷಿ ಎಂದು ಒಂದು ಪಂಗಡ. ತಾನು ನಿರ್ದೋಷಿ ಎನಿಸಿಕೊಳ್ಳಲೆಂದೇ ಮುಂದಾಲೋಚನೆಯಿಂದ ಚಂದ್ರನನ್ನು ನೋಡಿದ್ದಾನೆ ಎಂದು ಇನ್ನೊಂದು ಪಂಗಡ. ಎರಡನೆಯದರ ಮುಖಂಡ ಮಂಜುನಾಥಪ್ಪನೇ.

ಶಂಭು ಕಾಲು ತೊಳೆದುಕೊಂಡು ಬಂದು ನಿಂತ. “ಭಾವ, ಮನೆ ಹೋಯ್ತು, ಗದ್ದೆ ಹೋಯ್ತು. ಕಳ್ಳ ಅನ್ನಿಸ್ಕೊಂಡು ಉಳಿಯೋಕೆ ಆಗಲ್ಲ. ಗಣಪತಿ ಕಣ್ಣು ಬರೆದ ದಿನ ಹೊರಟೆ.”

“ಅವನೊಟ್ಟಿಗೆ ನಾನೂ ಹೊರಟೆ” ಎಂದಳು ವನಮಾಲಾ.

“ನೀನೆಲ್ಲಿಗೆ ಹೋಗ್ತೀ? ತವರು ನೀರಲ್ಲಿದೆ!”

“ತವರು ನಿಂತಿದೆ ನೋಡಿ ಇಲ್ಲಿ, ಎರಡು ಕಾಲಲ್ಲಿ” ಎಂದು ಅವಳು ತಮ್ಮನ ತೋಳು ಹಿಡಿದುಕೊಂಡಳು. “ಇವನ ಹೆಸರು ಚೊಕ್ಕ ಆಗೋ ತನಕ ಈ ಮನೆ ಒಲೆ ನಾನು ಹಚ್ಚಲ್ಲ.”

ಅಲ್ಲಿಂದ ಅವಳು ಗಂಡನೊಡನೆ ಮಾತು ಬಿಟ್ಟಳು. ಮಂಜುನಾಥಪ್ಪ ಹೋಟೆಲಿನ ಅವಲಕ್ಕಿ ಚಹಾದ ಮೇಲೆ ಬದುಕತೊಡಗಿದ. ಅವನ ಮುಖ ಸುಣ್ಣ ಬಳಿದ ಗೋಡೆಯಾಯಿತು. ದೇವಸ್ಥಾನದ ಮೆಟ್ಟಿಲನ್ನು ಏರುವಾಗ ನಡುವೆ ಕುಳಿತು ಏದುಸಿರು ಬಿಡುತ್ತಿದ್ದ. ಇದು ಇಂದು ನಿನ್ನೆಯದಲ್ಲ, ಬೇಸಿಗೆಯಿಂದಲೇ ಇತ್ತು. ಈಗ ಎಲ್ಲರ ಕಣ್ಣಿಗೆ ಬಿತ್ತು, ಅಷ್ಟೇ.

ದುಗ್ಗಮ್ಮ ಅವನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ ನಡುಗಿದಳು. “ಅಯ್ಯೋ, ಒಳಗೆ ಕೆಂಪೇ ಇಲ್ಲ! ಮಣ್ಣು ಎಂತಕ್ಕೆ ಹೋಗ್ತಿದೆ ಅಂತ ಈಗ ಗೊತ್ತಾಯ್ತು. ಯಾರೋ ನಿನ್ನ ಗೊಂಬೆ ಮಾಡಿ ಸೂಜಿ ಚುಚ್ತಿದಾರೆ! ಗೊಂಬೆ ದಪ್ಪ ಆದ ಹಾಗೆ ನೀನು ತೆಳು ಆಗ್ತೀ.”

ಮಂಜುನಾಥಪ್ಪ ನೇರ ದಫೇದಾರರ ಹತ್ತಿರ ಓಡಿದ. ಓಡಲಾಗದೆ ಮೂರು ಕಡೆ ಕುಳಿತು ಓಡಿದ. ದಫೇದಾರ್ ಹುಲಿಯಪ್ಪನವರು ಎಲ್ಲವನ್ನೂ ಕೇಳಿ, “ಮಾಟಕ್ಕೆ ನನ್ನ ಹತ್ರ ಬೇಡಿ ಇಲ್ಲ. ಮೊದ್ಲು ಡಾಕ್ಟ್ರಿಗೆ ತೋರ್ಸು. ಅವ್ರು ಕಾಯಿಲೆ ಅಲ್ಲ ಅಂದ್ರೆ ಆಮೇಲೆ ಶಂಭುನ್ನ ಕೂರಿಸ್ಕೊಳ್ತೀನಿ” ಎಂದರು.

ಪೇಟೆಗೆ ಹೊಸದಾಗಿ ಒಬ್ಬ ಡಾಕ್ಟರು ಬಂದಿದ್ದರು. ಅವರ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇತ್ತು. ಮಂಜುನಾಥಪ್ಪ ನನ್ನ ಕಡೆ ವಾಲಿ, “ಭಟ್ರೆ, ಕಣ್ಣಿಟ್ಟಿರಿ” ಎಂದ. ನಾನು ಕಣ್ಣಿಟ್ಟೆ.

ಡಾಕ್ಟರು ಅವನ ರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು. ಆಮೇಲೆ ಒಂದು ಸೂಜಿ ತೆಗೆದರು. ಸೂಜಿ ಕಂಡದ್ದೇ ಮಂಜುನಾಥಪ್ಪ ನನ್ನ ತೊಡೆ ಚಿವುಟಿದ. ಬೆರಳ ತುದಿಗೆ ಚುಚ್ಚಿ, ಮೂಡಿದ ಹನಿಯನ್ನು ಸಣ್ಣ ಗಾಜಿನ ಕೊಳವೆಯಲ್ಲಿ ಎಳೆದುಕೊಂಡು, ಅದನ್ನು ಇನ್ನೊಂದು ನಳಿಗೆಯೊಳಗಿನ ದ್ರಾವಣಕ್ಕೆ ಊದಿದರು. ರಕ್ತ ಕಾಫಿಯ ಬಣ್ಣಕ್ಕೆ ತಿರುಗಿತು. ಪಕ್ಕದ ಗಾಜಿನ ಬಣ್ಣದೊಡನೆ ಹೋಲಿಸಿ ನೋಡುತ್ತ ಅದಕ್ಕೆ ಹನಿ ಹನಿಯಾಗಿ ನೀರು ಬಿಡತೊಡಗಿದರು.

“ನೀರು ಹಾಕ್ತಿದಾರೆ ಭಟ್ರೆ!” ಎಂದು ಮಂಜುನಾಥಪ್ಪ ಕಿವಿಯಲ್ಲಿ ಹೇಳಿದ. “ನನ್ನ ರಕ್ತಕ್ಕೆ ನನ್ನೆದುರೇ ನೀರು ಬೆರೆಸ್ತಿದಾರೆ! ಹಾಲಿನವಳು ಹೀಗೆ ಮಾಡಿದ್ರೆ ಸುಮ್ನೆ ಬಿಡ್ತಿದ್ವಾ?”

ಡಾಕ್ಟರು ನಳಿಗೆಯನ್ನು ಬೆಳಕಿಗೆ ಹಿಡಿದು ಹೇಳಿದರು: “ಹಿಮೊಗ್ಲೋಬಿನ್ ನೂರಕ್ಕೆ ನಲವತ್ತು.”

ಮಂಜುನಾಥಪ್ಪನ ಮುಖ ಅರಳಿತು. ಜೀವಮಾನದಲ್ಲಿ ಅವನು ಯಾವ ಪರೀಕ್ಷೆಯಲ್ಲೂ ಇಷ್ಟು ತೆಗೆದಿರಲಿಲ್ಲ. “ಮೂವತ್ತೈದಕ್ಕೆ ಪಾಸಲ್ವಾ ಸಾರ್?”

“ಇದು ಆ ಪರೀಕ್ಷೆ ಅಲ್ಲ ಮಂಜುನಾಥಪ್ಪ. ತುಂಬಾ ಕಡಿಮೆ ಇದು. ಇನ್ನೊಂದು ಹನಿ ಗಾಜಿನ ಮೇಲೆ ಸವರಿಟ್ಕೊಂಡಿದ್ದೀನಿ, ಸೂಕ್ಷ್ಮವಾಗಿ ನೋಡ್ಬೇಕು. ನಾಳೆ ಬೆಳಿಗ್ಗೆ ಒಂದು ಡಬ್ಬಿಯಲ್ಲಿ ಸ್ವಲ್ಪ ಮಲ ತಂದುಕೊಡಿ. ಅದು ಸರಿ, ಮಣ್ಣು, ಬಳಪ, ಹಸಿ ಅಕ್ಕಿ, ಇಂಥಾದ್ದೇನಾದ್ರೂ ತಿನ್ನೋ ಆಸೆ ಆಗ್ತದಾ?”

ಮಂಜುನಾಥಪ್ಪ ಎದ್ದು ನಿಂತ. “ನಾನು ಗಣಪತಿ ಮಾಡೋನು ಸಾರ್. ತಿನ್ನೋನಲ್ಲ.”

ಬೀದಿಗೆ ಬಂದ ಮೇಲೆ ಅವನ ಅನುಮಾನ ಹೆಡೆಯೆತ್ತಿತು. “ಗಮನಿಸಿದ್ರಾ ಭಟ್ರೆ? ಸೂಜಿ ಚುಚ್ಚಿದ್ರು. ರಕ್ತ ತಗೊಂಡು ಒಂದು ಹನಿ ಗಾಜಲ್ಲಿ ಬಚ್ಚಿಟ್ಕೊಂಡ್ರು. ನಾಳೆ ಮಲ ಬೇಕಂತೆ. ಇನ್ನು ಕೂದಲು, ಉಗುರು ಕೇಳಿದ್ರೆ ಮಾಟದ ಸಾಮಾನು ಪೂರ್ತಿ ಆಯ್ತು. ಮತ್ತೆ ಮಣ್ಣಿನ ಮಾತು! ಮಣ್ಣಿನ ಸುದ್ದಿ ನಾನು ಅವ್ರಿಗೆ ಹೇಳೇ ಇಲ್ಲ. ಕಳ್ಳನ ಕಡೆಯವ್ರಿಗಲ್ದೆ ಬೇರೆ ಯಾರಿಗೆ ಗೊತ್ತಿರ್ತದೆ?”

“ನಲವತ್ತು ಕಡಿಮೆ ಅಂದ್ರಲ್ಲ” ಎಂದೆ.

“ಪಾಸಾದವ್ರನ್ನ ಕಂಡ್ರೆ ಓದಿದವ್ರಿಗೆ ಹೊಟ್ಟೆಕಿಚ್ಚು.”

ಕೇರಿಯ ತಿರುವಿನಿಂದಲೇ ಅವನು ಸಾರಿಕೊಂಡು ಬಂದ: “ರಕ್ತ ಪಾಸಾಯ್ತು! ನಲವತ್ತು!” ಹೋಟೆಲಿನವರು ಕೈ ಕುಲುಕಿದರು. ಒಬ್ಬರು ಯಾವ ಕ್ಲಾಸೆಂದು ಕೇಳಿದರು. ದುಗ್ಗಮ್ಮ ಮಾತ್ರ ಬೇಲಿಯ ಮೇಲೆ ಗಲ್ಲವಿಟ್ಟು ಯೋಚಿಸಿದಳು.

“ಅಲ್ಲ ಮಂಜುನಾಥಪ್ಪ, ನೂರಕ್ಕೆ ನಲವತ್ತು ನಿನ್ನ ಹತ್ರ ಇದೆ. ಉಳಿದ ಅರವತ್ತು ಯಾರ ಹತ್ರ ಹೋಯ್ತು?”

ಮಂಜುನಾಥಪ್ಪ ನಿಧಾನವಾಗಿ ತಿರುಗಿ, ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದ ಶಂಭುವನ್ನು ನೋಡಿದ. ಶಂಭು ಕಟ್ಟುಮಸ್ತಾಗಿದ್ದ. ಅವನ ಕೆನ್ನೆ ಕೆಂಪಾಗಿತ್ತು.

ಡಾಕ್ಟರ ಹತ್ತಿರ ಮಂಜುನಾಥಪ್ಪ ಮತ್ತೆ ಹೋಗಲಿಲ್ಲ. ಅವರು ಎರಡು ಸಲ ಹೇಳಿಕಳಿಸಿದರೂ ಹೋಗಲಿಲ್ಲ. ಹೇಳಿಕಳಿಸಿದ್ದೇ ಸಂಚಿಗೆ ಸಾಕ್ಷಿ ಎಂದ.

ಗಣಪತಿಯ ಕಣ್ಣು ಬರೆಯುವ ದಿನ ಬಂತು. ಸಂಜೆ ತೀರ್ಥಹಳ್ಳಿಯಿಂದ ಲಾರಿ ಬರುವುದಿತ್ತು. ಕಿರೀಟ ಸೊಗಸಾಗಿತ್ತು, ಸೊಂಡಿಲು ಸೊಗಸಾಗಿತ್ತು. ಆದರೆ ಮಣ್ಣು ಸಾಲದೆ ಹೊಟ್ಟೆ ತುಂಬಿರಲಿಲ್ಲ. ಸಕಲ ವಿಘ್ನಗಳನ್ನು ನಿವಾರಿಸುವ ಲಂಬೋದರ ವಾರದ ಉಪವಾಸ ಮುಗಿಸಿದವನ ಹಾಗೆ ಸಪಾಟಾಗಿ ಕುಳಿತಿದ್ದ. ಕೈಯಲ್ಲಿ ಮೋದಕವೂ ಇರಲಿಲ್ಲ. ಬೇರೆ ಮಣ್ಣು ಹಾಕೋಣವೆಂದರೆ ಮಂಜುನಾಥಪ್ಪ ಮಾತು ಕೊಟ್ಟಾಗಿತ್ತು.

ಅವನು ಕುಂಚ ಹಿಡಿದು ಒಂದು ಕಣ್ಣು ಬರೆದ. ಇನ್ನೊಂದಕ್ಕೆ ಕೈ ಎತ್ತುವಷ್ಟರಲ್ಲಿ ಒಳಗಿಂದ ಶಂಭು ಟ್ರಂಕು ಹೊತ್ತು ಬಂದ. ಹಿಂದೆ ವನಮಾಲಾ, ಬಟ್ಟೆ ಗಂಟಿನೊಡನೆ. ಅವಳ ಕಣ್ಣು ಊದಿಕೊಂಡಿತ್ತು.

“ಟ್ರಂಕು ತೆಗಿಸ್ಬೇಕು!” ಎಂದು ಮಂಜುನಾಥಪ್ಪ ಕೂಗಿದ. ಅದಕ್ಕೆಂದೇ ಅವನು ದಫೇದಾರ್ ಹುಲಿಯಪ್ಪನವರನ್ನು ಕರೆಸಿ ಜಗಲಿಯಲ್ಲಿ ಕೂರಿಸಿದ್ದ. ಅದೇ ಹೊತ್ತಿಗೆ ಡಾಕ್ಟರೂ ಸೈಕಲ್ ಒರಗಿಸಿ ಒಳಗೆ ಬಂದರು; ಕಾಯಿಲೆಯವನು ಬಾರದಿದ್ದರೆ ಡಾಕ್ಟರೇ ಬರಬೇಕೆಂಬ ನಿಯಮ ಅವರದು. ಮಂಜುನಾಥಪ್ಪ ನನ್ನ ಕಡೆ ನೋಡಿ, ‘ಇಬ್ಬರೂ ಒಟ್ಟಿಗೇ ಸಿಕ್ಕಿದರು’ ಎಂಬಂತೆ ಹುಬ್ಬು ಹಾರಿಸಿದ.

ಶಂಭು ತಾನೇ ಟ್ರಂಕು ತೆರೆದ. ಎರಡು ಪಂಚೆ, ಒಂದು ಅಂಗಿ, ದೇವರ ಪಟ. ಅಡಿಯಲ್ಲಿ ಕೆಂಪು ವಸ್ತ್ರದ ಗಂಟು. ದಫೇದಾರರು ಗಂಟು ಬಿಚ್ಚಿದರು. ತೆಂಗಿನಕಾಯಿ ಗಾತ್ರದ ಮಣ್ಣಿನ ಹೆಂಟೆ.

“ಸಿಕ್ಕಿತು!” ಮಂಜುನಾಥಪ್ಪ ಕುಣಿಯಲು ಹೋಗಿ ಏದುಸಿರಿನಿಂದ ಗೋಡೆ ಹಿಡಿದುಕೊಂಡ. ದುಗ್ಗಮ್ಮ ಬೇಲಿ ದಾಟಿ ಒಳಗೇ ಬಂದುಬಿಟ್ಟಳು.

ಶಂಭು ತಲೆ ತಗ್ಗಿಸಿ ಹೇಳಿದ: “ಊರು ಬಿಡೋ ದಿನ ತುಳಸಿಕಟ್ಟೆ ಬುಡದಿಂದ ತಂದದ್ದು. ಹೊಸ ಮನೆ ಕಟ್ಟಿದ್ರೆ ಅಡಿಪಾಯಕ್ಕೆ ಹಾಕೋಣ ಅಂತ.”

“ಸುಳ್ಳು! ಇದು ನನ್ನ ರಾಶಿ ಮಣ್ಣು.”

ವನಮಾಲಾ ಅಷ್ಟು ದಿನಗಳ ಮೇಲೆ ಮೊದಲ ಬಾರಿ ಗಂಡನೊಡನೆ ಮಾತಾಡಿದಳು. “ಕಣ್ಣಿದ್ರೆ ನೋಡ್ರೀ. ನಿಮ್ಮ ರಾಶಿ ತುಳಿದು ಹದ ಮಾಡಿದ್ದು, ಹಸಿ. ಇದು ಒಣಗಿ ಕಲ್ಲಾಗಿದೆ. ತುಳಸಿ ಬೇರು ಹಾಗೇ ಇದೆ.”

“ಕಣ್ಣು ಎಂತಕ್ಕೆ? ನನ್ನ ನಾಲಗೆಗೆ ಗೊತ್ತಾಗ್ತದೆ ಯಾವ್ದು ಗದ್ದೆ ಜೇಡಿ, ಯಾವ್ದು ಅಂಗಳದ ಮಣ್ಣು ಅಂತ. ತನ್ನಿ ಇಲ್ಲಿ.”

ಮಂಜುನಾಥಪ್ಪ ಹೆಂಟೆಯ ಮೂಲೆಯನ್ನು ಮುರಿದು ಬಾಯಿಗಿಟ್ಟ. ಕರುಮ್ ಎಂದಿತು. ಎಲ್ಲರೂ ತೀರ್ಪಿಗೆ ಕಾದರು. ಅವನು ಅರೆದ. ಕಣ್ಣು ಮುಚ್ಚಿದ. ಗಂಟಲು ಮೇಲೆ ಕೆಳಗೆ ಆಡಿತು. ತೀರ್ಪು ಬರಲಿಲ್ಲ, ಕೈ ಮತ್ತೆ ಹೆಂಟೆಗೆ ಹೋಯಿತು. ಇನ್ನೊಂದು ತುಂಡು ಮುರಿದ, ಮೊದಲಿನದಕ್ಕಿಂತ ದೊಡ್ಡದು. ಅದೂ ಹೋಯಿತು. ಅವನ ಮುಖದ ಮೇಲೆ, ಪದ್ಯದ ಕೊನೆಯಲ್ಲಿ ಶಾಸ್ತ್ರಿಗಳು ರಾಗ ಎಳೆಯುವಾಗ ಭಕ್ತರ ಮುಖದಲ್ಲಿ ಕಾಣುವಂಥ ಒಂದು ಕಾಂತಿ ಮೂಡಿತು. ಮೂರನೆಯ ಸಲ ಕೈ ಚಾಚಿದಾಗ ಶಂಭು ಹೆಂಟೆಯನ್ನು ಎದೆಗವಚಿಕೊಂಡ.

“ಭಾವ! ನಮ್ಮನೆ ಅಡಿಪಾಯ ಅದು!”

ಡಾಕ್ಟರು ಮುಂದೆ ಬಂದರು. “ಮಂಜುನಾಥಪ್ಪ, ಬಾಯಿ ತೆಗೀರಿ.”

ಅವನು ತುಟಿ ಬಿಗಿದು ತಲೆಯಲ್ಲಾಡಿಸಿದ.

“ತೆಗೀರಿ ಅಂದ್ರೆ ತೆಗೀರಿ!” ಎಂದಳು ವನಮಾಲಾ.

ತೆಗೆದ. ಎಲ್ಲರೂ ಬಗ್ಗಿದರು. ಆ ಬಾಲಗೋಪಾಲ ಬಾಯಿ ತೆರೆದಾಗ ಯಶೋದೆ ಈರೇಳು ಲೋಕಗಳನ್ನು ಕಂಡಳಂತೆ. ವನಮಾಲಾ ಕಂಡದ್ದು ಮುಳುಗಿಹೋದ ತನ್ನ ತವರನ್ನು. ನಾಲಗೆಯ ಮೇಲೆ ಅಂಗಳ, ದವಡೆಯ ಸಂದಿನಲ್ಲಿ ಗದ್ದೆ. ಎಲ್ಲ ಅಲ್ಲೇ ಇತ್ತು. ಒಬ್ಬನೇ ಕೃಷ್ಣ ಮಣಿ ಕದಿಯದೆ ಅಪವಾದ ಹೊತ್ತ, ಮಣ್ಣು ತಿಂದು ಬಾಯಿ ತೆರೆದ. ನಮ್ಮ ಕೇರಿಯಲ್ಲಿ ಆ ಎರಡು ಪಾತ್ರಗಳನ್ನು ಭಾವಮೈದ ಮತ್ತು ಭಾವ ಹಂಚಿಕೊಂಡಿದ್ದರು.

“ನಾನು… ರುಚಿ ನೋಡ್ದೆ ಅಷ್ಟೇ” ಎಂದ ಮಂಜುನಾಥಪ್ಪ.

“ಮೋದಕವೂ ಹೀಗೇ ರುಚಿ ನೋಡಿದ್ರಾ?” ಎಂದಳು ವನಮಾಲಾ.

ಅವನು ನೆಲ ನೋಡಿದ. ಅಲ್ಲಿ ಅವತ್ತಿನ ರಂಗೋಲಿ ಪುಡಿ ಇನ್ನೂ ಸ್ವಲ್ಪ ಉಳಿದಿತ್ತು. ಸೊಟ್ಟ ಕಿರುಬೆರಳಿನ ಗುರುತನ್ನು ನೋಡಿದ. ತನ್ನ ಕಾಲನ್ನು ನೋಡಿದ. ಮತ್ತೆ ಗುರುತನ್ನು ನೋಡಿದ. ತನ್ನ ಮೇಲೇ ಅವನಿಗೆ ಮೊದಲ ಸಲ ಅನುಮಾನ ಬಂತು.

ವನಮಾಲಾಳ ಬಾಯಿಂದ ಇನ್ನೇನು ಬರುವುದಿತ್ತೋ, ಡಾಕ್ಟರು ತಡೆದರು. “ಬೈಬೇಡಿ ಅಮ್ಮ. ಇದು ಆಸೆಬುರುಕತನ ಅಲ್ಲ, ಕಾಯಿಲೆ. ಇವರ ರಕ್ತ ನೋಡ್ದೆ. ಕೆಂಪು ಕಣಗಳು ಸಣ್ಣದಾಗಿ, ಬಿಳಿಚಿಕೊಂಡು, ಮಧ್ಯೆ ಖಾಲಿ ತಟ್ಟೆ ಹಾಗಿವೆ. ಅವು ಕೆಂಪಾಗೋಕೆ ಕಬ್ಬಿಣದ ಅಂಶ ಬೇಕು, ಅದು ಇವರ ಮೈಯಲ್ಲಿ ಮುಗಿದುಹೋಗಿದೆ. ಅದು ಮುಗಿದಾಗ ಕೆಲವರಿಗೆ ಹೀಗೆ ಮಣ್ಣು, ಬಳಪ ತಿನ್ಬೇಕು ಅನ್ನಿಸ್ತದೆ. ತಿಂದ ಜೇಡಿ ಊಟದಲ್ಲಿರೋ ಕಬ್ಬಿಣಾನೂ ಮೈಗೆ ಹತ್ತೋಕೆ ಬಿಡಲ್ಲ. ಇನ್ನಷ್ಟು ಕಡಿಮೆ ಆಗ್ತದೆ, ಇನ್ನಷ್ಟು ತಿಂತಾರೆ.”

ದುಗ್ಗಮ್ಮನಿಗೆ ಸಮಾಧಾನವಾಗಲಿಲ್ಲ. “ಮತ್ತೆ ಆ ಅರವತ್ತು ಯಾರು ತಗೊಂಡ್ರು ಸಾರ್?”

“ಕೊಕ್ಕೆಹುಳ. ಇಂಥಾ ಹುಳ ಇದ್ದಾಗ ಹೆಚ್ಚಾಗೋ ಬಿಳಿ ಕಣಗಳು ಇವರ ರಕ್ತದಲ್ಲಿ ತುಂಬಾ ಇವೆ. ವರ್ಷವರ್ಷ ಬರಿಗಾಲಲ್ಲಿ ಕೆಸರಿಗಿಳಿತಿದ್ರಂತಲ್ಲ, ಪಾದದಿಂದ ಒಳಗೆ ಹೋಗಿ ಕರುಳು ಕಚ್ಚಿಕೊಂಡು ರಕ್ತ ಕುಡೀತವೆ. ಅದನ್ನ ಗಟ್ಟಿ ಮಾಡ್ಕೊಳ್ಳೋಕೇ ನಾನು ಮಲ ತರೋಕೆ ಹೇಳಿದ್ದು.”

ದಫೇದಾರ್ ಹುಲಿಯಪ್ಪನವರು ಎದ್ದು ಟೋಪಿ ಸರಿಮಾಡಿಕೊಂಡರು. “ರಕ್ತದ ಕಳ್ಳರು ಹೊಟ್ಟೆಯೊಳಗೆ, ಅದು ನನ್ನ ಸರಹದ್ದಲ್ಲ. ಮಣ್ಣಿನ ಕಳ್ಳ ಸಿಕ್ಕಿದ. ಕದ್ದ ಮಾಲು ಮಾತ್ರ ವಾಪಸು ಬರೋ ಹಾಗೆ ಕಾಣ್ಸಲ್ಲ. ಬಂದ್ರೂ ಯಾರಿಗೂ ಬೇಡ. ಶಂಭು, ನಿನ್ನ ಮೇಲೆ ಏನೂ ಇಲ್ಲಪ್ಪ. ಇಡೀ ಕೇರಿ ಕೇಳಿಸ್ಕೊಂಡಿದೆ.”

ಡಾಕ್ಟರು ಹುಳದ ಔಷಧಿ, ಕಬ್ಬಿಣದ ಗುಳಿಗೆ ಮೇಜಿನ ಮೇಲಿಟ್ಟರು. ಹರಿವೆ, ಬಸಳೆ, ಬೆಲ್ಲ, ಕಾಳು ಹೇಳಿದರು. ನಿಂಬೆಹುಳಿ ಹಿಂಡಿಕೊಂಡು ಉಣ್ಣಲು ಹೇಳಿದರು, ಊಟದೊಡನೆ ಚಹಾ ಬೇಡವೆಂದರು, ಚಪ್ಪಲಿ ಹಾಕಲು ಹೇಳಿದರು. ಗುಳಿಗೆಯಿಂದ ಮಲ ಕಪ್ಪಾಗುತ್ತದೆ, ಅದಕ್ಕೆ ಯಾರ ಮೇಲೂ ಅನುಮಾನಪಡಬಾರದು ಎಂದೂ ಮುಂಚಿತವಾಗಿ ಹೇಳಿದರು. “ಇನ್ನು ಒಂದು ಚೂರು ಮಣ್ಣೂ ಬಾಯಿಗೆ ಹೋಗಬಾರದು.”

ಮಂಜುನಾಥಪ್ಪ ಗಾಬರಿಯಾದ. “ಮತ್ತೆ ಮರಳು ಪರೀಕ್ಷೆ ಯಾರು ಮಾಡ್ತಾರೆ?”

ಅವನು ಗಣಪತಿಯ ಸಪಾಟು ಹೊಟ್ಟೆಯನ್ನು ನೋಡಿದ, ತನ್ನ ಹೊಟ್ಟೆಯನ್ನು ಸವರಿಕೊಂಡ. ಆಮೇಲೆ ಹೋಗಿ ಭಾವಮೈದನ ಮುಂದೆ ನಿಂತ.

“ಶಂಭು… ಟ್ರಂಕು ಒಳಗಿಡೋ. ನಿನ್ನ ನಾಲಗೆ ಇಲ್ದೆ ಈ ಮನೇಲಿ ಇನ್ನು ಗಣಪತಿ ಆಗಲ್ಲ.”

“ಕಳ್ಳನ ನಾಲಗೆ ಭಾವ ಇದು.”

“ಕಳ್ಳ ನಾನು ಕಣೋ. ಬೇಕಾದ್ರೆ ಇನ್ನೊಂದ್ಸಲ ಬಾಯಿ ತೆಗೀತೀನಿ.”

ವನಮಾಲಾ ಸೆರಗಿನಿಂದ ಕಣ್ಣೊರೆಸಿಕೊಂಡಳೋ ನಗು ಮುಚ್ಚಿಕೊಂಡಳೋ ತಿಳಿಯಲಿಲ್ಲ. ಬಟ್ಟೆ ಗಂಟು ಅಲ್ಲೇ ಬಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ಹೊಗೆ ಬಂತು.

ಶಂಭು ಬಹಳ ಹೊತ್ತು ಹೆಂಟೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಕೊನೆಗೆ ಅದನ್ನು ನೀರಿನ ಬೋಗುಣಿಗೆ ಹಾಕಿದ. “ಊರು ಹೋದದ್ದು ನೀರಿಗೆ ಅಂದ್ಕೊಂಡಿದ್ದೆ. ಅರ್ಧ ನಿಮ್ಮ ಹೊಟ್ಟೆಗೂ ಹೋಗಿದೆ. ಉಳಿದದ್ದಾದ್ರೂ ಗಣಪತಿ ಕೈಗೆ ಹೋಗ್ಲಿ.” ಬೇರನ್ನು ಆರಿಸಿ ತೆಗೆದು ಹಿತ್ತಿಲಲ್ಲಿ ನೆಟ್ಟ. ಗದ್ದೆಯದಲ್ಲದಿದ್ದರೂ ಅದೇ ಊರಿನದೆಂದು ಮಂಜುನಾಥಪ್ಪ ಒಪ್ಪಿದ; ಮಣ್ಣಿನಿಂದ ಮೋದಕವಾಯಿತು, ಉಳಿದ ಕಣ್ಣು ಬರೆದದ್ದೂ ಆಯಿತು. ಹೊಟ್ಟೆಗೆ ಸಾಲಲಿಲ್ಲ. ತೀರ್ಥಹಳ್ಳಿಯವರು ನೋಡಿ, ಅಕ್ಕಿ ಅಭಾವದ ವರ್ಷ, ದೇವರೂ ಅರೆಹೊಟ್ಟೆಯಲ್ಲಿದ್ದಾನೆ ಎಂದು ಇನ್ನಷ್ಟು ಭಕ್ತಿಯಿಂದ ಕೈ ಮುಗಿದರಂತೆ.

ಆದರೆ ಅದು ಆಮೇಲಿನ ಮಾತು. ಮೋದಕ ಮಾಡುವ ಮೊದಲು ಮರಳು ನೋಡಬೇಕಿತ್ತು. ಮಂಜುನಾಥಪ್ಪ ನೆನೆದ ಮಣ್ಣಿನಿಂದ ಒಂದು ತುಣುಕು ಚಿವುಟಿದ. ಕೈ ತಾನಾಗಿಯೇ ಬಾಯಿಯ ಕಡೆ ಏರಿತು. ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅವನು ಕೈ ಇಳಿಸಿ, ತುಣುಕನ್ನು ಶಂಭುವಿಗೆ ಕೊಟ್ಟ.

ಶಂಭು ಅದನ್ನು ನಾಲಗೆಯ ಮೇಲಿಟ್ಟುಕೊಂಡ. ಕಣ್ಣು ಮುಚ್ಚಿದ. ತನ್ನ ಅಂಗಳವನ್ನು ಅವನು ಹಾಗೆ ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಿದ್ದ. ಆಮೇಲೆ ಎದ್ದು ಹೋಗಿ ಅಂಗಳದಲ್ಲಿ ಉಗುಳಿ ಬಂದ.

“ಮರಳಿಲ್ಲ ಭಾವ.”

ಮಂಜುನಾಥಪ್ಪ ಕಣ್ಣು ಕಿರಿದು ಮಾಡಿದ. “ಪೂರ್ತಿ ಉಗಿದ್ಯಾ?”

“ಉಗಿದೆ.”

“ನೋಡಾಣ, ಬಾಯಿ ತೆಗಿ.”

ಶಂಭು ಬಾಯಿ ತೆರೆದ. ಮಂಜುನಾಥಪ್ಪ ಬಗ್ಗಿ, ಎಡಗಡೆಯಿಂದ ನೋಡಿದ, ಬಲಗಡೆಯಿಂದ ನೋಡಿದ, ದೀಪ ತರಿಸಿ ನೋಡಿದ. ನಾಲಗೆಯ ಮೇಲೆ ಬೂದು ಬಣ್ಣದ ಒಂದು ತೆಳು ಗೆರೆ ಉಳಿದಿತ್ತು. ಅವನು ಅದನ್ನೇ ನೋಡುತ್ತ ಗಟಕ್ಕನೆ ತನ್ನ ಎಂಜಲು ನುಂಗಿಕೊಂಡ.